ಹಿತ್ತಲಿಗೆ ನಿತ್ಯಹಸಿರು ಮರವೋ, ಬೀನ್ಸ್ ಮಡಿಯೋ?

ಮಡಿಕೇರಿ_ಹಿತ್ತಲು:

ಮಡಿಕೇರಿ ಹತ್ತಿರ ಮನೆ. ಮನೆಯ ಪಶ್ಚಿಮಕ್ಕೆ ಹಿತ್ತಲು, ಉತ್ತರ–ದಕ್ಷಿಣ 30 ಅಡಿ, ಪೂರ್ವ–ಪಶ್ಚಿಮ 20 ಅಡಿ. ಅದರಾಚೆ ನಮ್ಮದೇ ಕಾಫಿ ಬರೆ, ಅಂದರೆ ಇಳಿಜಾರಿನ ತೋಟ. ಕೆಂಪು ಮಣ್ಣು, ಪಶ್ಚಿಮಕ್ಕೆ ಸ್ವಲ್ಪ ಇಳಿಜಾರು. ಬೆಳಗ್ಗೆ ಹತ್ತರವರೆಗೆ ಮನೆಯ ನೆರಳು, ಆಮೇಲೆ ಸಂಜೆ ತನಕ ಒಳ್ಳೆ ಬಿಸಿಲು. ಇಲ್ಲಿ ವರ್ಷವಿಡೀ ಹಸಿರಾಗಿರುವ ಒಂದು ಮರ ಹಾಕುವುದೋ, ಇಡೀ ಜಾಗವನ್ನು ಬೀನ್ಸ್‌ಗೆ ಬಿಡುವುದೋ ತೀರ್ಮಾನ ಆಗ್ತಿಲ್ಲ. ಮರ ಅಂದರೆ ಹಲಸು, ಬೆಣ್ಣೆಹಣ್ಣು, ಸಿಲ್ವರ್ ಓಕ್ ಮೂರೂ ತಲೆಯಲ್ಲಿವೆ. ಇನ್ನೊಂದು ಅನುಮಾನ: ಜೂನ್‌ನಲ್ಲಿ ಬಿತ್ತಿದ ಬೀನ್ಸ್ ಕೊಳೆಯುತ್ತೆ ಅಂತಾರೆ, ಅದೇ ಮಳೆಯಲ್ಲಿ ನೆಟ್ಟ ಮರದ ಸಸಿ ಹೇಗೆ ಚಿಗುರುತ್ತೆ?

ಬರೆ_ಬುಡ:

ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ. ನಮ್ಮ ಕಾಡಿನ ನಿತ್ಯಹಸಿರು ಮರಗಳ ಎಲೆ ಮುಟ್ಟಿ ನೋಡಿ: ದಪ್ಪ, ಮೇಲೆ ಮೇಣ ಸವರಿದ ಹಾಗೆ ನುಣುಪು, ಎಷ್ಟೋ ಮರಗಳಲ್ಲಿ ತುದಿ ಚೂಪು. ನೀರು ನಿಲ್ಲದೆ ಜಾರಿ ಹೋಗುತ್ತೆ. ಬೀನ್ಸ್ ಎಲೆ ತೆಳು, ಮೇಲೆ ಕೊಕ್ಕೆಯಂಥ ಸಣ್ಣ ರೋಮ. ಅಂಗಿಗೆ ಒತ್ತಿದರೆ ಅಂಟಿಕೊಳ್ಳುವುದು ಅದರಿಂದಲೇ. ಅಲ್ಲಿ ನೀರು ಗಂಟೆಗಟ್ಟಲೆ ಕೂತಿರುತ್ತೆ, ಚಿಬ್ಬು ರೋಗದ ಶಿಲೀಂಧ್ರಕ್ಕೆ ಅಷ್ಟೇ ಸಾಕು. ಜುಲೈಯಲ್ಲಿ ಎಲೆ ಒಣಗುವ ಪ್ರಶ್ನೆಯೇ ಇಲ್ಲವಲ್ಲ. ಮೊಳಕೆ ಬರುವ ಮೊದಲೇ ಬೀಜ ಕೊಳೆಯುವುದು ಬೇರೆ.

ಹಾಗಾಗಿ ಇವೆರಡೂ ಒಂದೇ ಜಾಗಕ್ಕೆ ಜಗಳ ಆಡುವ ಗಿಡಗಳಲ್ಲ. ಮರಕ್ಕೆ ಜೂನ್, ಬೀನ್ಸ್‌ಗೆ ತುಲಾ ಸಂಕ್ರಮಣ (ಅಕ್ಟೋಬರ್ ಮಧ್ಯ) ಕಳೆದ ಮೇಲೆ. ನಿಮ್ಮ ಅಳತೆಯಲ್ಲಿ ಎರಡಕ್ಕೂ ಜಾಗ ಇದೆ. ಆದರೆ ಮರದ ಜಾಗವನ್ನು ಮೊದಲು ಗುರುತು ಮಾಡಿ. ಬೀನ್ಸ್ ಮಡಿಯನ್ನು ಮುಂದಿನ ವರ್ಷ ಪಕ್ಕಕ್ಕೆ ಸರಿಸಬಹುದು, ಮರವನ್ನು ಸರಿಸಲಾಗದು.

ಮರ ವಾಯವ್ಯ ಮೂಲೆಯಲ್ಲೇ ಇರಲಿ, ಪಶ್ಚಿಮದ ಗಡಿಯಿಂದ 5 ಅಡಿ ಒಳಗೆ. ಆಗ ಮನೆ ಗೋಡೆಗೆ 15 ಅಡಿ ಅಂತರ ಸಿಗುತ್ತೆ. ಕಾರಣ ನೆರಳು. ಕೊಡಗು ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. 20 ಅಡಿ ಮರದ ನೆರಳು ಉತ್ತರಕ್ಕೆ 14–15 ಅಡಿ ಚಾಚುತ್ತೆ. ಮುಳುಗುವುದೂ ನೈಋತ್ಯದ ಕಡೆಗೆ. ಮರ ನೈಋತ್ಯ ಮೂಲೆಯಲ್ಲಿದ್ದರೆ ಬೀನ್ಸ್ ಕಾಯಿ ಕಚ್ಚುವ ತಿಂಗಳುಗಳಲ್ಲೇ ಮಡಿ ಪೂರ್ತಿ ನೆರಳಾಗುತ್ತೆ. ನಿಮಗೆ ಬೆಳಗಿನ ಬಿಸಿಲು ಈಗಾಗಲೇ ಇಲ್ಲ, ಮಧ್ಯಾಹ್ನದ್ದೂ ಹೋದರೆ ಹಂಬು ಉದ್ದ ಆಗುತ್ತೆ, ಹೂ ಬರಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಗುಂಡಿಯನ್ನು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಮಣ್ಣು ಮೆತ್ತಗಾದಾಗಲೇ ತೆಗೆಯಿರಿ. ಎರಡಡಿ ಉದ್ದ, ಅಗಲ, ಆಳ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ. ಎರಡು ಮೂರು ವಾರ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ 10 ಕೆಜಿ ಚೆನ್ನಾಗಿ ಕಳಿತ ಗೊಬ್ಬರ ಕಲಸಿ ತುಂಬಿ. ನೆಲಮಟ್ಟಕ್ಕಿಂತ ನಾಲ್ಕಿಂಚು ಎತ್ತರ ಗುಡ್ಡೆಯಾಗಿ ನಿಲ್ಲಬೇಕು, ಮಳೆಗೆ ಅದು ಕುಸಿದೇ ಕುಸಿಯುತ್ತೆ. ಇದನ್ನು ಬಿಟ್ಟರೆ ಆಗಸ್ಟ್ ಹೊತ್ತಿಗೆ ಸಸಿ ಬಟ್ಟಲೊಳಗೆ ನಿಂತ ಹಾಗಿರುತ್ತೆ, ಬೇರು ಉಸಿರುಗಟ್ಟಿ ಎಲೆ ಹಳದಿಯಾಗುತ್ತೆ. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಕೆಳಗಿನ ಒಂದಿಂಚು ಚೂಪು ಕತ್ತಿಯಲ್ಲಿ ಕೊಯ್ದು ಬಿಡಿ, ಇಲ್ಲವಾದರೆ ಬೇರು ಹಾಗೆಯೇ ಸುತ್ತುತ್ತಾ ಹೋಗಿ ನಾಲ್ಕೈದು ವರ್ಷದ ಮೇಲೆ ಗಾಳಿಗೆ ಮರವೇ ವಾಲುತ್ತೆ. ಕಸಿ ಗಂಟು ಮಣ್ಣಿನಿಂದ ನಾಲ್ಕಿಂಚು ಮೇಲಿರಲಿ. ಗೂಟ ಗಾಳಿ ಬರುವ ಪಶ್ಚಿಮದ ಬದಿಗೆ, ಬಾಳೆನಾರಲ್ಲಿ ಸಡಿಲವಾಗಿ ಕಟ್ಟಿ. ನವೆಂಬರ್‌ನಲ್ಲಿ ಆ ಗುಡ್ಡೆಯನ್ನೇ ಪಾತಿ ಮಾಡಿ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಮೊದಲ ಎರಡು ಬೇಸಿಗೆ ಜನವರಿಯಿಂದ ಹೂಮಳೆವರೆಗೆ ವಾರಕ್ಕೆರಡು ಸಲ 10–15 ಲೀಟರ್ ನೀರು.

ಪಣಪುಳಿ:

ಯಾವ ಮರ ಅನ್ನುವುದಕ್ಕೆ ನನ್ನ ಮಾತು. ಹಲಸು ಮನೆ ಹತ್ತಿರ ಬೇಡ. ಮೇ–ಜೂನ್‌ನಲ್ಲಿ ಹಣ್ಣಿನ ವಾಸನೆಗೆ ಆನೆ ಅಂಗಳಕ್ಕೇ ಬರುತ್ತೆ. ಕೊಡಗಿನಲ್ಲಿ ಎಷ್ಟೋ ತೋಟಗಳಲ್ಲಿ ಹಲಸನ್ನು ಎಳೆಗಾಯಿಯಲ್ಲೇ ಕಿತ್ತು ಹಾಕುವುದು ಇದಕ್ಕೇ. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ್ದು, ಕಾಫಿ ನೆರಳಿಗೂ ಮೆಣಸಿನ ಬಳ್ಳಿಗೂ ಸರಿ. ಆದರೆ ಬೇಗ ಎತ್ತರ ಹೋಗುತ್ತೆ, ಕೊಂಬೆಗೆ ಗಟ್ಟಿತನ ಕಡಿಮೆ. ಗಾಳಿ ಮಳೆಗೆ ಮುರಿದು ಹೆಂಚಿನ ಮೇಲೆ ಬೀಳುತ್ತೆ. ಬೆಣ್ಣೆಹಣ್ಣು ಒಳ್ಳೆಯದೇ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಅದರ ಮೇಲೆ ಕೆಲಸವೂ ನಡೆದಿದೆ. ಆದರೆ ನೀರು ನಿಂತರೆ ಬೇರುಕೊಳೆ ಖಚಿತ, ಇಳಿಜಾರು ಸರಿಯಾಗಿ ಬಸಿಯುತ್ತಿದ್ದರೆ ಮಾತ್ರ ಹಾಕಿ.

ನನ್ನ ಆಯ್ಕೆ ಉಪ್ಪಗೆ, ನಮ್ಮ ಪಣಪುಳಿ. ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಬರುವುದು ಇದರ ಹಣ್ಣಿನ ರಸ ಕುದಿಸಿ ಇಳಿಸಿಯೇ. ಪಶ್ಚಿಮಘಟ್ಟದ ಮರ, ಈ ಮಳೆ ಇದಕ್ಕೆ ಹೊಸದಲ್ಲ. ನಿಧಾನ ಬೆಳೆಯುತ್ತೆ, ಆದ್ದರಿಂದ ಮೊದಲ ವರ್ಷಗಳಲ್ಲಿ ಬೀನ್ಸ್‌ಗೆ ತೊಂದರೆಯೇ ಇಲ್ಲ. ಬೀಜದ ಸಸಿ ತರಬೇಡಿ: ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಹೂ ಬಿಡುವ ತನಕ ಗೊತ್ತಾಗಲ್ಲ. ಕಾಯಿ ಬಿಡುವ ಮರದಿಂದ ಕಟ್ಟಿದ ಕಸಿ ಗಿಡವನ್ನೇ ಕೇಳಿ. ಕಸಿಯಲ್ಲೂ ಒಂದು ಸೂಕ್ಷ್ಮ ಇದೆ. ಕುಡಿಯನ್ನು ಅಡ್ಡ ಕೊಂಬೆಯಿಂದ ತೆಗೆದಿದ್ದರೆ ಗಿಡ ಪೊದೆಯಾಗಿ ಹರಡುತ್ತೆ, ನೆಟ್ಟಗಿನ ಚಿಗುರಿಂದ ತೆಗೆದಿದ್ದರೆ ಮರವಾಗಿ ಮೇಲೇರುತ್ತೆ. ಹಿತ್ತಲಿಗೆ ಪೊದೆ ರೂಪವೇ ಅನುಕೂಲ, ಹಣ್ಣು ಕೈಗೆ ಸಿಗುತ್ತೆ, ನೆರಳೂ ದೂರ ಹೋಗಲ್ಲ.

ನಿತ್ಯಹಸಿರು ಅಂದರೆ ಎಲೆ ಉದುರಲ್ಲ ಅಂತಲ್ಲ, ಒಟ್ಟಿಗೆ ಉದುರಲ್ಲ ಅಷ್ಟೇ. ಮೇ ಕೊನೆಗೆ ಮಾಡಿನ ನೀರು ಇಳಿಯುವ ದೋಣಿಯಲ್ಲಿ ನೋಡಿ, ತರಗೆಲೆ ಸಿಗುತ್ತೆ.

ಮಡಿಕೇರಿ_ಹಿತ್ತಲು:

ಪಣಪುಳಿ ಯೋಚನೆಯೇ ಬಂದಿರಲಿಲ್ಲ, ಹಿಡಿಸಿತು. ಬೀನ್ಸ್ ಯಾವ ಜಾತಿ, ಎಷ್ಟು ಬೀಜ? ಮರದ ಸಸಿಗೇ ಹಂಬು ಹಬ್ಬಿಸಿದರೆ ಕೋಲು ಉಳಿಯುತ್ತಾ?

ಚಪ್ಪರದ_ಕೆಳಗೆ:

ಸಸಿಗೆ ಹಬ್ಬಿಸಲೇಬೇಡಿ. ಹಂಬು ಎಳೆ ಕಾಂಡವನ್ನು ಬಿಗಿಯುತ್ತೆ, ತುದಿ ಚಿಗುರನ್ನು ಮುಚ್ಚುತ್ತೆ. ಬುಡದಿಂದ ಮೂರಡಿ ಬಿಟ್ಟು ಮಡಿ ಶುರುವಾಗಲಿ.

ಗಿಡ ಬೀನ್ಸ್‌ಗೆ ಅರ್ಕಾ ಕೋಮಲ್ ಸಾಕು, 45–50 ದಿನಕ್ಕೆ ಮೊದಲ ಕೊಯ್ಲು, 70 ದಿನಕ್ಕೆ ಮುಗಿಯುತ್ತೆ. ಸಂಕ್ರಮಣದ ವಾರ ಬಿತ್ತಿದರೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಆಸುಪಾಸಿಗೆ ಕಾಯಿ. ಬಳ್ಳಿ ಬೇಕಾದರೆ ಅರ್ಕಾ ಸುಕೋಮಲ್, ತುಕ್ಕು ರೋಗ ತಡೆಯುತ್ತೆ. ಇದಕ್ಕೆ ಏಳಡಿ ಕೋಲು ಬೇಕು, ಸಿಲ್ವರ್ ಓಕ್ ಕಪಾತಿನಲ್ಲಿ ಕಡಿದ ಕೊಂಬೆಗಳೇ ಆಗುತ್ತೆ.

ನಮ್ಮ ಮಣ್ಣು ಹುಳಿ. ಬಿತ್ತುವ ಮೂರು ವಾರ ಮೊದಲು 100 ಚದರಡಿಗೆ 2 ಕೆಜಿ ಕೃಷಿ ಸುಣ್ಣ ಬೆರೆಸಿ. ಸುಣ್ಣ, ಹಸಿ ಗೊಬ್ಬರ ಒಟ್ಟಿಗೆ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಗಿಡ ಬೀನ್ಸ್ ಸಾಲಿಂದ ಸಾಲಿಗೆ ಒಂದೂವರೆ ಅಡಿ, ಬೀಜದಿಂದ ಬೀಜಕ್ಕೆ ನಾಲ್ಕಿಂಚು. 100 ಚದರಡಿಗೆ 80 ಗ್ರಾಂ ಬೀಜ. ಬಳ್ಳಿಗೆ ಸಾಲು ಮೂರಡಿ, ಕೋಲು ಅಡಿಗೊಂದು, ಕೋಲಿಗೆರಡು ಬೀಜ. ಬೀಜ ರಾತ್ರಿಯಿಡೀ ನೆನೆಸಬೇಡಿ: ಸಿಪ್ಪೆ ಬೇಗ ಉಬ್ಬಿ ಬೇಳೆ ಬಿರುಕು ಬಿಡುತ್ತೆ, ಅಲ್ಲಿಂದಲೇ ಕೊಳೆ ಶುರು. ಒಣ ಬೀಜ, ಹದವಾದ ಮಣ್ಣು, ಒಂದಿಂಚು ಆಳ. ಮೊಳಕೆ ಕೊಕ್ಕೆಯ ಹಾಗೆ ಕುತ್ತಿಗೆ ಬಗ್ಗಿಸಿ ಎರಡು ಬೇಳೆಯನ್ನೂ ಎಳೆದುಕೊಂಡು ಮೇಲೆ ಬರುತ್ತೆ. ತುಲಾ ತಿಂಗಳಲ್ಲಿ ಒಂದು ಜೋರು ಮಳೆ ಬಂದು ಮೇಲ್ಮಣ್ಣು ಹೆಪ್ಪುಗಟ್ಟಿದರೆ ಆ ಕುತ್ತಿಗೆ ಮುರಿಯುತ್ತೆ. ಸಾಲಿನ ಮೇಲೆ ತೆಳ್ಳಗೆ ಪುಡಿಗೊಬ್ಬರ ಉದುರಿಸಿದ್ದರೆ ಈ ತಾಪತ್ರಯ ಇಲ್ಲ.

ಮೊದಲ ಒಂದು ತಿಂಗಳು ಕಾಂಡದ ನೊಣದ ಮೇಲೆ ಕಣ್ಣಿಡಿ. ಎಲೆ ಹಳದಿಯಾಗಿ, ನೆಲದ ಮಟ್ಟದಲ್ಲಿ ಕಾಂಡ ಊದಿ ಸೀಳಿದ್ದರೆ ಒಳಗೆ ಮರಿಹುಳ ಇದೆ. ಎರಡೆಲೆ ಬಂದಾಗಲೇ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪು ಸೇರಿಸಿ ಸಿಂಪಡಿಸಿ. ಆಗಲೇ ತಗುಲಿದ್ದರೆ ಬುಡಕ್ಕೆ ಎರಡಿಂಚು ಮಣ್ಣು ಏರಿಸಿ, ಸೀಳಿನ ಮೇಲ್ಭಾಗದಲ್ಲಿ ಹೊಸ ಬೇರು ಬಂದು ಗಿಡ ಉಳಿಯುವುದುಂಟು.

ಬಳ್ಳಿಯನ್ನು ಕೋಲಿಗೆ ಸುತ್ತುವಾಗ, ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು. ತಿರುಗಿಸಿ ಸುತ್ತಿದರೆ ಮಾರನೇ ದಿನ ಬಿಚ್ಚಿಕೊಂಡಿರುತ್ತೆ. ಎಲೆ ಒದ್ದೆ ಇದ್ದಾಗ ಗಿಡದೊಳಗೆ ಕೈ ಹಾಕಬೇಡಿ, ಚಿಬ್ಬು ರೋಗ ನಿಮ್ಮ ಕೈಯಲ್ಲೇ ಸಾಲುಸಾಲಿಗೆ ಹೋಗುತ್ತೆ. ಮಂಜು ಆರಿದ ಮೇಲೆ ಕೊಯ್ಯಿರಿ. ಬಗ್ಗಿಸಿದರೆ ಚಟ್ ಅಂತ ಮುರಿಯಬೇಕು; ಒಳಗಿನ ಬೀಜ ಹೊರಗೆ ಉಬ್ಬಿ ಕಂಡರೆ ಆಗಲೇ ನಾರು. ಮೂರು ದಿನಕ್ಕೊಮ್ಮೆ ಬಿಡದೆ ಕೊಯ್ದರೆ ಮತ್ತೆ ಹೂ ಬರುತ್ತೆ, ಬಲಿಯಲು ಬಿಟ್ಟರೆ ಅಲ್ಲಿಗೆ ನಿಲ್ಲುತ್ತೆ.

ಬರೆ_ಬುಡ:

ಒಂದು ಸೇರ್ಪಡೆ. ಬೀನ್ಸ್ ಹಾಕಿದರೆ ಮರಕ್ಕೆ ಗೊಬ್ಬರ ಬೇಡ ಅಂತ ಹೇಳುವವರಿದ್ದಾರೆ, ಅದು ಸರಿಯಲ್ಲ. ದ್ವಿದಳಗಳಲ್ಲಿ ಬೀನ್ಸ್ ಗಾಳಿಯ ಸಾರಜನಕ ಹಿಡಿಯುವುದು ಕಡಿಮೆ, ಹುಳಿ ಮಣ್ಣಲ್ಲಿ ಇನ್ನೂ ಕಡಿಮೆ. ಹೂ ಬರುವ ಹೊತ್ತಿಗೆ ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ಮಾಡ್ತಿದೆ, ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಮರಕ್ಕೆ ಅದರ ಗೊಬ್ಬರ ಬೇರೆಯಾಗಿ ಕೊಡಿ. ಬೆಳೆ ಮುಗಿದ ಮೇಲೆ ರೋಗ ಬಿದ್ದ ಹಂಬು ಎಲೆಗಳನ್ನು ಆ ಮರದ ಬುಡಕ್ಕೆ ಹೊದಿಕೆ ಮಾಡಬೇಡಿ, ಸುಟ್ಟು ಬಿಡಿ. ಅದೇ ಮಡಿಗೆ ಮುಂದಿನ ಎರಡು ವರ್ಷ ಬೀನ್ಸ್ ಬೇಡ, ಹಿತ್ತಲಿನ ಬೇರೆ ಭಾಗಕ್ಕೆ ಬದಲಿಸಿ. ಮಳೆಗಾಲದಲ್ಲಿ ಮಡಿ ಬರಿದಾಗಿ ಬಿಟ್ಟರೆ ಮೇಲ್ಮಣ್ಣೆಲ್ಲ ಬರೆಗೆ ಇಳಿಯುತ್ತೆ. ಕೆಳಗಿನ ಅಂಚಿಗೆ ಒಂದು ಸಾಲು ಕೆಸು ನೆಟ್ಟು, ಉಳಿದದ್ದಕ್ಕೆ ತರಗೆಲೆ ದಪ್ಪವಾಗಿ ಹಾಸಿ.