ಸಿಇಟಿ ಬರೆಯುವ ಬಡ ಮಕ್ಕಳಿಗೆ ಕಾಲೇಜಿನಿಂದ ಏನೇನು ಮಾಡಿಸಬೇಕು?

ಪ್ರಶ್ನೆ: ನಮ್ಮದು ಸರ್ಕಾರಿ ಪದವಿಪೂರ್ವ ಕಾಲೇಜು, ಹೆಚ್ಚಿನವರು ಕೂಲಿಕಾರರ ಮಕ್ಕಳು. ಸೀಟು, ವಿದ್ಯಾರ್ಥಿವೇತನ ಕೈತಪ್ಪದಂತೆ ಈಗಲೇ ಏನು ಮಾಡಿಸಬೇಕು?

ಉತ್ತರ 1: ಮೊದಲು ಹೆಸರು ನೋಡಿ ಸರ್. ಆಧಾರ್‌ಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಇನಿಷಿಯಲ್ ಹಿಂದುಮುಂದಾದರೂ ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ತೊಡಕು. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸಿಇಟಿ, ಎಸ್‌ಎಸ್‌ಪಿ ಎರಡೂ ಅರ್ಜಿಗೆ ಬೇಕು. ವಿದ್ಯಾರ್ಥಿವೇತನದ ಹಣ ಬರುವುದು ಆಧಾರ್ ಸೀಡಿಂಗ್ (ಸರ್ಕಾರಿ ಹಣ ಪಡೆಯಲು ಆಧಾರ್‌ಗೆ ಜೋಡಣೆ) ಆದ ಖಾತೆಗೆ ಮಾತ್ರ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟಿದ್ದರೆ ಸಾಲದು, ಬ್ಯಾಂಕಿನಲ್ಲಿ ಈ ಜೋಡಣೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ದಾಖಲೆಯಲ್ಲಿ ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಬಹಳಷ್ಟು ಹಣ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ.

ಉತ್ತರ 2: ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಸಮೇತ ಬೇಕು. ನಡುವೆ ಶಾಲೆ ಬದಲಿಸಿದ ಮಗು ಪ್ರತಿ ಶಾಲೆಗೂ ಅಲೆಯಬೇಕು. ಬೇಸಿಗೆ ರಜೆಯಲ್ಲಿ ಮುಖ್ಯಶಿಕ್ಷಕರು ಸಿಗುವುದಿಲ್ಲ, ಡಿಸೆಂಬರಿನೊಳಗೇ ಮುಗಿಸಿಬಿಡಿ.

ಉತ್ತರ 3: ಎಸ್‌ಎನ್‌ಕ್ಯೂ (ಕಡಿಮೆ ಆದಾಯದವರಿಗೆ ಇರುವ ಹೆಚ್ಚುವರಿ) ಸೀಟಿನ ಬಗ್ಗೆಯೂ ಹೇಳಿ. ಬೋಧನಾ ಶುಲ್ಕವಷ್ಟೇ ಮಾಫಿ, ಉಳಿದದ್ದನ್ನು ಕಟ್ಟಲೇಬೇಕು; ಪೋಷಕರಿಗೆ ಇದು ಮೊದಲೇ ತಿಳಿದಿರಲಿ. ವಿಜ್ಞಾನ ಓದಿಯೂ ಒಳ್ಳೆಯ ರ್‍ಯಾಂಕ್ ಬಾರದವರು ಪಾಲಿಟೆಕ್ನಿಕ್ 2ನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ 2ನೇ ವರ್ಷಕ್ಕೆ ಪ್ರವೇಶ. ಈ ದಾರಿ ಎಷ್ಟೋ ಮಕ್ಕಳ ಕಿವಿಗೇ ಬಿದ್ದಿರುವುದಿಲ್ಲ, ದಯವಿಟ್ಟು ತರಗತಿಯಲ್ಲೇ ಹೇಳಿ.