ಲೈಬ್ರರಿಯನ್‌ಗಳೇ, ಕ್ಲಾಸ್ ತಗೊಳ್ಳೋದು ಹೇಗೆ ಕಲಿತ್ರಿ?

ಡಿಗ್ರಿ ಕಾಲೇಜಲ್ಲಿ ಲೈಬ್ರರಿಯನ್ ಆಗಿ ನಂಗಿದು ಎರಡನೇ ವರ್ಷ. ಓರಿಯೆಂಟೇಷನ್ ದಿನ 200 ಮಕ್ಕಳಿಗೆ ಒಂದು ಗಂಟೆ ಪಿಪಿಟಿ ಹಾಕಿ ಹೇಳಿದೆ, ವಾರ ಕಳೆದ್ಮೇಲೆ ಅದೇ ಮಕ್ಕಳು ಬಂದು "ಮೇಡಂ ಬುಕ್ ಎಲ್ಲಿ ಹುಡುಕೋದು" ಅಂತಾರೆ. ಎಂ.ಲಿಬ್‌ನಲ್ಲಿ ವರ್ಗೀಕರಣ, ಸೂಚೀಕರಣ ಎಲ್ಲಾ ಕಲಿಸಿದ್ರು, ಪಾಠ ಮಾಡೋದು ಮಾತ್ರ ಯಾರೂ ಹೇಳಿಕೊಡ್ಲಿಲ್ಲ. ಅನುಭವ ಇರೋರು ಹೇಳಿ.

ಉತ್ತರ 1
ಮೇಡಂ, ಓರಿಯೆಂಟೇಷನ್ ದಿನ ಅವರಿಗೆ ಲೈಬ್ರರಿಯಿಂದ ಏನೂ ಬೇಕಾಗಿರಲ್ಲ, ಅದಕ್ಕೇ ತಲೆಗೆ ಹೋಗಲ್ಲ. ನಾನು ಈಗ ಕಾಮರ್ಸ್ ಮೇಷ್ಟ್ರು ಪ್ರಾಜೆಕ್ಟ್ ಟಾಪಿಕ್ ಕೊಟ್ಟ ವಾರವೇ ಅವರ ಹತ್ರ ಒಂದು ಪೀರಿಯಡ್ ಕೇಳಿ ತಗೋತೀನಿ. ಹೋದ ಸಲ ಒಬ್ಬ ಹುಡುಗಿ ಲೈಬ್ರರಿ ಬುಕ್ ಹುಡುಕೋ ಕಂಪ್ಯೂಟರ್ ಪಟ್ಟಿ ಓಪ್ಯಾಕ್‌ನಲ್ಲಿ "ರಾಮನಗರ ಜಿಲ್ಲೆಯ ರೇಷ್ಮೆ ಬೆಳೆಗಾರರ ಸಮಸ್ಯೆಗಳು ಮತ್ತು ಪರಿಹಾರಗಳು" ಅಂತ ಟೈಟಲ್ ಪೂರ್ತಿ ಟೈಪ್ ಮಾಡಿದ್ಲು, ಒಂದೂ ಬರ್ಲಿಲ್ಲ, ನನ್ನ ಮುಖ ನೋಡಿದ್ಲು. ಉತ್ತರ ಬಾಯಿಗೆ ಬಂದಿತ್ತು, ತಡ್ಕೊಂಡೆ. ಪಕ್ಕದವಳು "ಬರೀ ರೇಷ್ಮೆ ಅಂತ ಹಾಕೇ" ಅಂದ್ಲು, ನಾಲ್ಕು ಬುಕ್ ಬಂತು. ಆಮೇಲೆ ನಾನು ಹೇಳಿದ್ದು ಒಂದೇ ಮಾತು, ಇದನ್ನ ಇಂಗ್ಲಿಷಲ್ಲಿ ಏನಂತಾರೆ? ಸೆರಿಕಲ್ಚರ್ ಅಂತ ಹಾಕಿದ್ರೆ ಬೇರೆಯದೇ ಪಟ್ಟಿ ಬಂತು, ಯಾಕಂದ್ರೆ ನಮ್ಮಲ್ಲಿ ಇಂಗ್ಲಿಷ್ ಬುಕ್‌ಗಳಿಗೆ ಕನ್ನಡದ ವಿಷಯಪದ ಹಾಕಿಲ್ಲ. ಅದನ್ನೇ ವಿಶ್ವವಿದ್ಯಾಲಯಗಳ ಸಂಶೋಧನೆ ಸಿಗೋ ಶೋಧಗಂಗಾ ವೆಬ್‌ಸೈಟಲ್ಲಿ ಹಾಕಿಸಿದೆ, ಪಿಎಚ್‌ಡಿ ಪ್ರಬಂಧಗಳೇ ಬಂದ್ವು. ಇಡೀ ಪೀರಿಯಡ್‌ಗೆ ಅಷ್ಟೇ ಪಾಠ. ಎನ್‌-ಲಿಸ್ಟ್, ಡೆಲ್‌ನೆಟ್ ಅಂತ ಕಾಲೇಜುಗಳಿಗೆ ಇರೋ ಬೇರೆ ಆನ್‌ಲೈನ್ ಸೇವೆಗಳ ಸುದ್ದಿಗೂ ಹೋಗ್ಲಿಲ್ಲ.

ಉತ್ತರ 2
ನಿಮ್ಮ ಕಾಲೇಜಲ್ಲೇ ಚೆನ್ನಾಗಿ ಪಾಠ ಮಾಡೋರ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿ. ನಮ್ಮ ಕೆಮಿಸ್ಟ್ರಿ ಮೇಡಂ ಪ್ರಶ್ನೆ ಕೇಳಿ ಸುಮ್ನೆ ನಿಂತುಬಿಡ್ತಾರೆ, ಯಾರಾದ್ರೂ ಬಾಯಿಬಿಡೋ ತನಕ. ನಾನು ಎರಡೇ ಸೆಕೆಂಡಿಗೆ ನಾನೇ ಉತ್ತರ ಹೇಳ್ಬಿಡ್ತಿದ್ದೆ ಅಂತ ಗೊತ್ತಾಗಿದ್ದೇ ಅಲ್ಲಿ.

ಉತ್ತರ 3
ಲೈಬ್ರರಿ ಸೈನ್ಸ್‌ಗೆ ಐದು ಸೂತ್ರ ಕೊಟ್ಟ ನಮ್ಮ ರಂಗನಾಥನ್ ಅವರೂ ಮೊದಲು ಮೇಷ್ಟ್ರೇ ಅಲ್ವಾ, 1917ರಲ್ಲಿ ಮಂಗಳೂರು ಸರ್ಕಾರಿ ಕಾಲೇಜಲ್ಲಿ ಗಣಿತ ಹೇಳ್ತಿದ್ರು, ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿದ್ದು 1924ರಲ್ಲಿ. ಅವರ ನಾಲ್ಕನೇ ಸೂತ್ರ, ಓದುಗರ ಸಮಯ ಉಳಿಸಿ ಅನ್ನೋದು, ಅದನ್ನ ನಾನು ತುಂಬಾ ವರ್ಷ ತಪ್ಪಾಗಿ ತಿಳ್ಕೊಂಡಿದ್ದೆ. ಮಕ್ಕಳು ಕೇಳಿದ ತಕ್ಷಣ ನಾನೇ ಓಡಿಹೋಗಿ ರ‍್ಯಾಕಿಂದ ತೆಗೆದುಕೊಡ್ತಿದ್ದೆ. ಈಗ ಬುಕ್ ಇರೋ ಜಾಗ ಹೇಳೋ ಕಾಲ್ ನಂಬರ್ ಚೀಟಿಯಲ್ಲಿ ಬರೆಸಿ ಜೊತೆಗೆ ನಡೀತೀನಿ, 894.814 ಕನ್ನಡ ಸಾಹಿತ್ಯದ ರ‍್ಯಾಕ್ ಅಂತ ಅವರೇ ಬೆರಳಿಟ್ಟು ಹುಡುಕ್ಲಿ. ಮೊದಲ ಸಲ ಹತ್ತು ನಿಮಿಷ ಹಿಡಿಯುತ್ತೆ. ಹಿಡೀಲಿ ಬಿಡಿ, ಮೂರು ವರ್ಷ ಇಲ್ಲೇ ಇರೋ ಮಕ್ಕಳು.

ಕೇಳಿದವರು
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸೋಮವಾರವೇ ಬಿ.ಕಾಂ. ಸರ್ ಹತ್ರ ಪೀರಿಯಡ್ ಕೇಳ್ತೀನಿ. ಲ್ಯಾಬಲ್ಲಿ 20 ಸಿಸ್ಟಂ, ಮಕ್ಕಳು 40. ಇಬ್ಬಿಬ್ಬರನ್ನ ಕೂರಿಸಿದ್ರೆ ನಡೆಯುತ್ತಾ?

ಉತ್ತರ 1
ಇಬ್ಬರಿದ್ರೇ ಒಳ್ಳೇದು ಮೇಡಂ, ಅವರವರೇ ಮಾತಾಡ್ಕೋತಾರೆ. ಅರ್ಧ ಪೀರಿಯಡ್ ಆದ್ಮೇಲೆ ಕೀಬೋರ್ಡ್ ಇನ್ನೊಬ್ಬರಿಗೆ ಕೊಡಿಸಿ, ಇಲ್ಲಾಂದ್ರೆ ಕಂಪ್ಯೂಟರ್ ಬರೋರೇ ಕೊನೇ ತನಕ ಹಿಡ್ಕೊಂಡಿರ್ತಾರೆ.