ದವಾಖಾನೆ ಗೋಡೆ ಮೇಲೆ ಏನು ಬರೆಯಲಿ?

ಡ್ರಾಯಿಂಗ್ ಮೇಷ್ಟ್ರು:
ನಮ್ಮೂರ ಸರ್ಕಾರಿ ದವಾಖಾನೆ ಕಾಂಪೌಂಡಿಗೆ ಚಿತ್ರ ಬರೆದುಕೊಡಿ ಅಂತ ಪಂಚಾಯ್ತಿಯವರು ಕೇಳಿದ್ದಾರೆ. ಬಣ್ಣ ಅವರದು, ಕೈ ನನ್ನದು. ಅವರಿಗೆ ಬೇಕಿರೋದು ನಗುವ ಮಗು, ಸೇಬು, ಮೇಲೆ 'ಆರೋಗ್ಯವೇ ಭಾಗ್ಯ'. ನನಗೆ ಕುಂಚ ಏಳುತ್ತಿಲ್ಲ.

ಹೋದ ಮಳೆಗಾಲ ಅವ್ವನಿಗೆ ಜ್ವರ. ಇದೇ ದವಾಖಾನೆಯಲ್ಲಿ ಎರಡು ತಾಸು ಗ್ಲುಕೋಸ್ ಬಾಟ್ಲಿ ಹಿಡಿದು ನಿಂತಿದ್ದೆ. ಇದ್ದದ್ದು ಒಂದೇ ಸ್ಟ್ಯಾಂಡು, ಅದು ಬಾಣಂತಿಯ ಹತ್ತಿರ ಇತ್ತು. ಕೈ ಜೋಮು ಹಿಡಿದು ಸ್ವಲ್ಪ ಇಳಿಸಿದರೆ ಸಾಕು, ನಳಿಗೆಯಲ್ಲಿ ಅವ್ವನ ರಕ್ತ ವಾಪಸ್ ಏರುತ್ತಿತ್ತು. ಆ ಕೈಯನ್ನೇ ಬರೆಯಬೇಕು ಅನಿಸುತ್ತಿದೆ. ದವಾಖಾನೆ ಗೋಡೆ ಮೇಲೇ ದವಾಖಾನೆಯ ಕೊರತೆ ಬರೆಯೋದು ಸರಿನಾ? ಯಾರಾದರೂ ಹಾಗೆ ಮಾಡಿದ್ದಾರಾ?

ಹಳೇ ಕುಂಚ:
ಮಾಡಿದ್ದಾರೆ ಮೇಷ್ಟ್ರೇ. ಮೆಕ್ಸಿಕೋ ನಗರದ ಲಾ ರಾಸಾ ಆಸ್ಪತ್ರೆಯಲ್ಲಿ ಅಲ್ಲಿನ ಹೆಸರಾಂತ ಚಿತ್ರಕಾರ ಡಿಯೆಗೊ ರಿವೇರಾ 1953ರಲ್ಲಿ ದೊಡ್ಡ ಭಿತ್ತಿಚಿತ್ರ ಬರೆದರು. ನಡುವೆ ತ್ಲಾಸೋಲ್ತೇಯೋತ್ಲ್ ಅನ್ನೋ ದೇವತೆ (ನಾಲಿಗೆ ಹೊರಳಲ್ಲ, ಬಿಡಿ). ಒಂದು ಬದಿ ಹಳೆ ಕಾಲದ ನಾಟಿ ವೈದ್ಯ. ಇನ್ನೊಂದು ಬದಿ ಹೊಸ ಆಸ್ಪತ್ರೆ, ಅಲ್ಲೇ ಚಿಕಿತ್ಸೆ ಕೇಳುತ್ತಾ ನಿಂತ ಬಡವರು. ಬರೆಸಿದ್ದು ಬೇರೆ ಯಾರೂ ಅಲ್ಲ, ಆಸ್ಪತ್ರೆ ನಡೆಸುವ ಸಾಮಾಜಿಕ ವಿಮಾ ಸಂಸ್ಥೆಯೇ! 1943ರಲ್ಲಿ ಹುಟ್ಟಿದ ಆ ಸಂಸ್ಥೆ ನೋಡಿಕೊಳ್ಳುತ್ತಿದ್ದದ್ದು ಮುಖ್ಯವಾಗಿ ಸಂಬಳದ ಕೆಲಸದವರನ್ನು. ಹೊಲದಲ್ಲಿ ದುಡಿಯುವವರು ಜಾಸ್ತಿ ಹೊರಗೇ ಉಳಿದಿದ್ದರು.

ನೈಟ್ ಡ್ಯೂಟಿ:
ನಾನು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸ್ಟಾಫ್ ನರ್ಸ್. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ ಅನ್ನೋದು ಲೆಕ್ಕ. ಹಾಸಿಗೆ ನಾಲ್ಕೋ ಆರೋ. ಸ್ಟ್ಯಾಂಡು ಬೇಕು ಅಂತ ಬೇಡಿಕೆ ಪತ್ರ ಬರೆದು ಬರೆದು ನನ್ನ ಪೆನ್ನು ಸವೆದಿದೆ, ಬೈಗುಳ ಮಾತ್ರ ನನಗೇ. ಕೈ ಬರೆಯಿರಿ, ಖಂಡಿತ ಬರೆಯಿರಿ. ಪಕ್ಕದಲ್ಲಿ ಮುಖ ಗಂಟಿಕ್ಕಿದ ನರ್ಸನ್ನು ಮಾತ್ರ ನಿಲ್ಲಿಸಬೇಡಿ.

ಸುಣ್ಣದ ಗೋಡೆ:
ಕೆಳಗಿನ ಮೂರು ಅಡಿ ಖಾಲಿ ಬಿಡಿ. ಅದು ಎಲೆಅಡಿಕೆಯವರ ಕ್ಯಾನ್ವಾಸು.

ಡ್ರಾಯಿಂಗ್ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ನರ್ಸಮ್ಮ, ನಿಮ್ಮ ಮಾತು ನಾಟಿತು. ಆವತ್ತು ಅವ್ವನ ಹಣೆ ಒರೆಸಿದ್ದೂ ಒಬ್ಬ ನರ್ಸೇ. ನಿನ್ನೆ ಡಾಕ್ಟರಿಗೆ ಸ್ಕೆಚ್ ತೋರಿಸಿದೆ. ಬಾಟ್ಲಿ ಎತ್ತಿ ಹಿಡಿದ ಕೈ ಅಷ್ಟೇ, ಆರಡಿ ಎತ್ತರ. ತುಂಬ ಹೊತ್ತು ನೋಡಿದರು. 'ಸ್ಟ್ಯಾಂಡು ಬಂದ ಮೇಲೆ ಅಳಿಸ್ತೀರಾ?' ಅಂದರು. ಅಳಿಸ್ತೀನಿ ಸಾರ್ ಅಂದೆ. ಸೋಮವಾರ ಶುರು. ಸೇಬಿನ ಬಣ್ಣ ಮಿಕ್ಕಿದೆ, ಯಾರಿಗಾದರೂ ಬೇಕಾ?